ಸಾರ್ವಜನಿಕ ಆರೋಗ್ಯ ತುರ್ತು ಸಿದ್ಧತೆಯಲ್ಲಿ ವೃತ್ತಿ: ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಶುರು ಮಾಡುವವರಿಗೆ

ಕೋವಿಡ್ ನಂತರ ಒಂದೇ ಥರದ ಪ್ರಶ್ನೆಗಳು ಬರುತ್ತಲೇ ಇವೆ. ‘ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮುಗಿಸಿದ್ದೇನೆ, ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಆಫೀಸಿನಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಲಾ?’ ‘ನಾನು ಡಾಕ್ಟರ್ ಅಲ್ಲ, ಈ ಕಡೆ ಬರಬಹುದಾ?’ ‘ಸಕ್ಕರೆ ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್ ಇದ್ದೇನೆ, ಆರೋಗ್ಯದ ಕಡೆ ಹೇಗೆ ಹೋಗೋದು?’ ಎಲ್ಲರಿಗೂ ಸೇರಿಸಿ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲು ಈ ಕೆಲಸ ಏನು ಅಂತ ನೋಡೋಣ. ರೋಗ ಹಬ್ಬಿದಾಗ, ಹೊಳೆ ಬಂದಾಗ, ಅನಿಲ ಸೋರಿದಾಗ ಯಾರು ಏನು ಮಾಡಬೇಕು, ಯಾವ ಸಾಮಾನು ಎಲ್ಲಿರಬೇಕು, ಎಷ್ಟು ಗಂಟೆಯೊಳಗೆ ತಲುಪಬೇಕು? ಇದನ್ನೆಲ್ಲ ಮೊದಲೇ ತೀರ್ಮಾನಿಸಿ, ಅಭ್ಯಾಸ ಮಾಡಿಸಿ, ತಪ್ಪು ತಿದ್ದಿಡುವುದೇ ಸಿದ್ಧತೆ. ಇದರಲ್ಲಿ ಚಿಕಿತ್ಸೆ ಸಣ್ಣ ಭಾಗ. ಜಾಸ್ತಿ ಇರುವುದು ಪಟ್ಟಿ, ನಕ್ಷೆ, ಫೋನ್ ನಂಬರು, ದಾಸ್ತಾನು ಮತ್ತು ಸಭೆ. ಗದ್ದಲ ವರ್ಷದಲ್ಲಿ ಕೆಲವೇ ವಾರ. ಟಿವಿಯಲ್ಲಿ ಪಿಪಿಇ ಕಿಟ್ ನೋಡಿ ಬರುವವರಿಗೆ ಉಳಿದ ತಿಂಗಳುಗಳು ಬೇಸರ ತರಿಸುತ್ತವೆ. ರಿಜಿಸ್ಟರ್ ಬರೆಯೋದು, ಇಂಡೆಂಟ್ ಹಾಕೋದು ಅಂದರೆ ಆಗದವರು ಇಲ್ಲಿಗೇ ಓದು ನಿಲ್ಲಿಸಬಹುದು.

ಇನ್ನೊಂದು ಮಾತು. ನಮ್ಮ ಕಡೆ ಆರೋಗ್ಯ ಇಲಾಖೆ ಗೊತ್ತಿದ್ದವರಿಗೆ ಕಾರ್ಖಾನೆ ಗೊತ್ತಿರುವುದಿಲ್ಲ. ಕಾರ್ಖಾನೆ ಗೊತ್ತಿದ್ದವರಿಗೆ ಟಿಎಚ್‌ಒ (ತಾಲೂಕು ಆರೋಗ್ಯಾಧಿಕಾರಿ) ಯಾರು ಅಂತಲೂ ಗೊತ್ತಿರುವುದಿಲ್ಲ. ಎರಡೂ ಕಡೆ ಓಡಾಡುವವರು ಬಹಳ ಕಡಿಮೆ. ನೀವು ಹಿಡಿಯಬೇಕಾದ ಜಾಗ ಅದು. ಕೆಳಗಿನ ಹಂತಗಳನ್ನು ಅದೇ ಲೆಕ್ಕದಲ್ಲಿ ಜೋಡಿಸಿದ್ದೇನೆ.

ಹಂತ 1: ಡಿಗ್ರಿಗಿಂತ ಮೊದಲು ಜಿಲ್ಲೆಯ ಅಪಾಯಗಳನ್ನು ಓದಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ನಿಮ್ಮ ಜಿಲ್ಲೆಯಲ್ಲಿ ಯಾವ ತಿಂಗಳು ಏನಾಗಬಹುದು ಅಂತ ಬರೆಯಿರಿ.

ಜುಲೈ, ಆಗಸ್ಟ್ ಅಂದರೆ ಹೊಳೆ. ಕೊಯ್ನಾ ಕಡೆ, ಪಶ್ಚಿಮ ಘಟ್ಟದಲ್ಲಿ ಮಳೆ ಜೋರಾದರೆ ಚಿಕ್ಕೋಡಿ, ಅಥಣಿ, ರಾಯಬಾಗ, ಜಮಖಂಡಿ ಕಡೆ ಕೃಷ್ಣೆ ಏರುತ್ತದೆ. ಇಲ್ಲಿ ಬಿಸಿಲು ಹೊಡೆಯುತ್ತಿದ್ದರೂ ನೀರು ಬರುತ್ತದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕ ಪೇಟೆಯೊಳಗೇ ನುಗ್ಗಿತ್ತು. ಮಲಪ್ರಭೆ ರಾಮದುರ್ಗ ತಾಲೂಕಿನ ಹಳ್ಳಿಗಳನ್ನು ಮುಳುಗಿಸಿತು, ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ಬಂತು. ವಿಜಯಪುರದವರು ಭೀಮೆಯನ್ನು ಮರೆಯುವಂತಿಲ್ಲ. 2020ರ ಅಕ್ಟೋಬರ್‌ನಲ್ಲಿ ಇಂಡಿ, ಸಿಂದಗಿ ಕಡೆ ಅದು ಉಕ್ಕಿದಾಗ ಎಲ್ಲರೂ ಮಳೆಗಾಲ ಮುಗಿಯಿತು ಅಂದುಕೊಂಡಿದ್ದರು. ನೀರು ಇಳಿದ ಮೇಲೆ ಆರೋಗ್ಯದವರ ಕೆಲಸ ಶುರು: ವಾಂತಿಭೇದಿ, ಇಲಿಜ್ವರ, ಹಾವು ಕಡಿತ, ಮತ್ತೆ ಕೆಲವು ವಾರಕ್ಕೆ ಡೆಂಗಿ.

ಕಬ್ಬಿನ ಹಂಗಾಮು ಇನ್ನೊಂದು ಲೆಕ್ಕ. ಬೀಡ್ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಸಂಸಾರ ಸಮೇತ ಬಂದು ಗುಡಿಸಲು ಹಾಕುತ್ತವೆ. ನಮ್ಮ ತಾಂಡಾಗಳ ಜನ ಅದೇ ಹೊತ್ತಿಗೆ ಮಹಾರಾಷ್ಟ್ರಕ್ಕೆ, ಗೋವಾಕ್ಕೆ ಗುಳೆ ಹೋಗುತ್ತಾರೆ. ಎರಡೂ ಕಡೆ ಮಕ್ಕಳ ಲಸಿಕೆ ತಪ್ಪುತ್ತದೆ. ದಡಾರ ಹಬ್ಬುವುದು ಇಂಥ ಕಡೆಯೇ. ಗ್ಯಾಂಗಿನ ಮುಕಾದಮನ (ಮುಖಂಡನ) ಫೋನ್ ನಂಬರು ಆಶಾ ಕಾರ್ಯಕರ್ತೆಯ ಹತ್ತಿರ ಇದೆಯಾ? ಇಷ್ಟು ಸಣ್ಣ ಪ್ರಶ್ನೆಯಿಂದಲೇ ಸಿದ್ಧತೆ ಶುರುವಾಗುತ್ತದೆ.

ಸವದತ್ತಿ ಎಲ್ಲಮ್ಮನ ಭಾರತ ಹುಣ್ಣಿಮೆ, ಚಿಂಚಲಿ ಮಾಯಕ್ಕನ ಜಾತ್ರೆ, ಬಾದಾಮಿ ಬನಶಂಕರಿ ಜಾತ್ರೆಗಳನ್ನೂ ಬರೆದುಕೊಳ್ಳಿ. ಲಕ್ಷಾಂತರ ಜನ, ಒಂದೇ ನೀರು, ಬಯಲಲ್ಲೇ ಅಡುಗೆ. ಜೊತೆಗೆ ವಿಜಯಪುರ, ಬಾಗಲಕೋಟೆಯ ಬಿಸಿಲು. ದ್ರಾಕ್ಷಿ ತೋಟ, ಸಿಮೆಂಟ್ ಕಾರ್ಖಾನೆ, ರಸ್ತೆ ಕೆಲಸದವರಿಗೆ ಮಾರ್ಚ್‌ನಿಂದಲೇ ಕಾಟ.

ಕೈಗಾರಿಕೆಯನ್ನು ಬಿಡಬೇಡಿ. ಬೆಳಗಾವಿಯಲ್ಲಿ ಉದ್ಯಮಬಾಗದ ಫೌಂಡ್ರಿಗಳು ಮತ್ತು ಅಲ್ಯುಮಿನಾ ಕಾರ್ಖಾನೆ, ಮೂರೂ ಜಿಲ್ಲೆಗಳಲ್ಲಿ ಸಕ್ಕರೆ ಮತ್ತು ಡಿಸ್ಟಿಲರಿ, ವಿಜಯಪುರ ಜಿಲ್ಲೆಯಲ್ಲಿ 2,400 ಮೆಗಾವಾಟ್‌ನ ಕೂಡಗಿ ವಿದ್ಯುತ್ ಸ್ಥಾವರ ಇವೆ. ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜುಗಳಲ್ಲಿ ತಂಪು ಮಾಡಲು ಅಮೋನಿಯಾ ಇರಬಹುದು. ಕೇಳಿ ಬರೆದುಕೊಳ್ಳಿ.

ಬೆಳಗಾವಿಗೆ ಈ ಕೆಲಸ ಹೊಸದೇನಲ್ಲ. ತಿಲಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ವಾಕಿಂಗ್ ಮಾಡುವ ಎಷ್ಟೋ ಜನಕ್ಕೆ ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು ಅನ್ನೋದು ಗೊತ್ತಿಲ್ಲ.

ಹಂತ 2: ಓದು

ಎಂಬಿಬಿಎಸ್ ಆದವರಿಗೆ ದಾರಿ ನೇರ. ಕಮ್ಯುನಿಟಿ ಮೆಡಿಸಿನ್‌ನಲ್ಲಿ ಎಂಡಿ ಮಾಡಿ. ಬೆಳಗಾವಿಯಲ್ಲಿ ಕೆಎಲ್‌ಇಯ ಜೆಎನ್‌ಎಂಸಿ, ವಿಜಯಪುರದಲ್ಲಿ ಬಿಎಲ್‌ಡಿಇಯ ಬಿ. ಎಂ. ಪಾಟೀಲ ಕಾಲೇಜು, ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ಕಾಲೇಜು ಇವೆ. ಪಿಜಿ ಸೀಟು ಯಾವ ವರ್ಷ ಎಷ್ಟು ಅನ್ನೋದನ್ನು ಕೌನ್ಸೆಲಿಂಗ್ ಪಟ್ಟಿಯಲ್ಲಿ ನೋಡಿ.

ಡಾಕ್ಟರ್ ಅಲ್ಲದವರಿಗೂ ಬಾಗಿಲು ಇದೆ. ಬಿಡಿಎಸ್, ಬಿಎಎಂಎಸ್, ನರ್ಸಿಂಗ್, ಬಿವಿಎಸ್ಸಿ, ಜೀವವಿಜ್ಞಾನ ಓದಿದವರು ಎಂಪಿಎಚ್ ಮಾಡಬಹುದು. ಬೆಳಗಾವಿಯಲ್ಲೇ ಕೆಎಲ್‌ಇಯಲ್ಲಿ ಇದೆ. ಹೊರಗೆ ಹೋಗುವುದಾದರೆ ಚೆನ್ನೈನ ಐಸಿಎಂಆರ್-ಎನ್‌ಐಇ (ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ), ಬೆಂಗಳೂರಿನ ನಿಮ್ಹಾನ್ಸ್, ಮಣಿಪಾಲ ಒಳ್ಳೆಯವು. ವಿಪತ್ತು ನಿರ್ವಹಣೆಯನ್ನೇ ಓದಬೇಕಾದರೆ ಮುಂಬೈನ ಟಿಸ್‌ನಲ್ಲಿ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ಸ್ನಾತಕೋತ್ತರ ಕೋರ್ಸ್ ಇದೆ. ಕೆಲಸ ಬಿಡಲಾಗದವರಿಗೆ ಇಗ್ನೋದ ಡಿಪ್ಲೊಮಾ ಇದೆ.

ಎಚ್ಚರ: ‘ಆರು ತಿಂಗಳಲ್ಲಿ ಎಪಿಡೆಮಿಯಾಲಜಿ ಡಿಪ್ಲೊಮಾ, ನೂರಕ್ಕೆ ನೂರು ಸರ್ಕಾರಿ ಕೆಲಸ’ ಅನ್ನುವ ಜಾಹೀರಾತುಗಳನ್ನು ನಂಬಬೇಡಿ. ಫೀಸು ಕಟ್ಟುವ ಮೊದಲು ಯುಜಿಸಿ ಮಾನ್ಯತೆ ನೋಡಿ. ಆಮೇಲೆ ಹಳೆಯ ನೇಮಕಾತಿ ಅಧಿಸೂಚನೆ ಒಂದನ್ನು ತೆಗೆದು, ಆ ಕೋರ್ಸಿನ ಹೆಸರು ಅರ್ಹತೆಯ ಸಾಲಿನಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ದುಡ್ಡು ಉಳಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಓಪನ್‌ಡಬ್ಲ್ಯುಎಚ್‌ಒ ತಾಣದಲ್ಲಿ ತುರ್ತು ಸ್ಥಿತಿಯ ಕೋರ್ಸುಗಳು ಉಚಿತವಾಗಿಯೇ ಸಿಗುತ್ತವೆ.

ಹಂತ 3: ಜಿಲ್ಲೆಯ ಸರ್ವೇಕ್ಷಣಾ ಘಟಕದಲ್ಲಿ ಕಾಲಿಡಿ

ನನ್ನ ಪ್ರಕಾರ ಮೊದಲ ಕೆಲಸಕ್ಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. 2004ರಲ್ಲಿ ಶುರುವಾದ ಐಡಿಎಸ್‌ಪಿ, ಅಂದರೆ ಸಮಗ್ರ ರೋಗ ಸರ್ವೇಕ್ಷಣಾ ಕಾರ್ಯಕ್ರಮ, ಪ್ರತಿ ಜಿಲ್ಲೆಯಲ್ಲೂ ಇದೆ. ಜಿಲ್ಲಾ ಸರ್ವೇಕ್ಷಣಾಧಿಕಾರಿ ಸರ್ಕಾರಿ ವೈದ್ಯರು. ಅವರ ಕೈಕೆಳಗೆ ಎಪಿಡೆಮಿಯಾಲಜಿಸ್ಟ್ (ರೋಗ ಯಾರಿಗೆ, ಎಲ್ಲಿ, ಯಾಕೆ ಹಬ್ಬಿತು ಅಂತ ಹುಡುಕುವವರು), ಡೇಟಾ ಮ್ಯಾನೇಜರ್ ಥರದ ಹುದ್ದೆಗಳಿವೆ. ಇವನ್ನು ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಗುತ್ತಿಗೆಯಲ್ಲಿ ತುಂಬುತ್ತಾರೆ.

ಇಲ್ಲಿ ಮೂರು ಫಾರಂ ಗೊತ್ತಿರಬೇಕು. ಎಸ್ ಫಾರಂ ಅಂದರೆ ಆರೋಗ್ಯ ಕಾರ್ಯಕರ್ತೆಯರು ಲಕ್ಷಣ ನೋಡಿ ತುಂಬುವುದು. ಪಿ ಫಾರಂ ಡಾಕ್ಟರು ಪರೀಕ್ಷಿಸಿ ಇದೇ ಇರಬಹುದು ಅಂತ ತುಂಬುವುದು. ಎಲ್ ಫಾರಂ ಲ್ಯಾಬಿನಲ್ಲಿ ಖಚಿತವಾದದ್ದು. 2021ರಿಂದ ಇವೆಲ್ಲ ಐಎಚ್‌ಐಪಿ ಅನ್ನುವ ಆನ್‌ಲೈನ್ ವ್ಯವಸ್ಥೆಗೆ ಹೋಗುತ್ತವೆ. ಒಂದು ಊರಿನಿಂದ ಎಸ್ ಫಾರಂನಲ್ಲಿ ಭೇದಿ ಏಕಾಏಕಿ ಏರಿದರೆ ಲ್ಯಾಬ್ ವರದಿಗೆ ಕಾಯಬಾರದು. ಆರ್‌ಆರ್‌ಟಿ, ಅಂದರೆ ತ್ವರಿತ ಸ್ಪಂದನಾ ತಂಡ, ಹೊರಡಬೇಕು. ಹಾಗೆಯೇ ‘ಈ ವಾರ ಸೊನ್ನೆ’ ಅಂತ ತಪ್ಪದೆ ಬರುವ ಊರನ್ನೂ ಅನುಮಾನಿಸಿ. ಅಲ್ಲಿ ರೋಗ ಇಲ್ಲವೋ, ಬರೆಯುವವರು ಇಲ್ಲವೋ?

ಗುತ್ತಿಗೆಯ ಕಷ್ಟವನ್ನೂ ಮುಚ್ಚುಮರೆ ಇಲ್ಲದೆ ಹೇಳಬೇಕು. ಒಪ್ಪಂದ ಸಾಮಾನ್ಯವಾಗಿ ವರ್ಷದ ಲೆಕ್ಕದಲ್ಲಿ ನವೀಕರಣವಾಗುತ್ತದೆ. ಅನುದಾನ ತಡವಾದರೆ ಸಂಬಳವೂ ತಡವಾಗುತ್ತದೆ. ಕಾಯಂ ಆಗುತ್ತದೆ ಅನ್ನುವ ಒಂದೇ ಆಸೆಯಿಂದ ಸೇರಬೇಡಿ. ಎರಡು ಮೂರು ವರ್ಷ ಕಲಿಯಲು ಸೇರಿ. ಅಧಿಸೂಚನೆಗಳು ಜಿಲ್ಲೆಯ ಅಧಿಕೃತ ಜಾಲತಾಣದಲ್ಲಿ ಬರುತ್ತವೆ, ಕೆಲವೊಮ್ಮೆ ನೇರ ಸಂದರ್ಶನಕ್ಕೆ ಕೆಲವೇ ದಿನ ಇರುತ್ತವೆ. ಅಂಕಪಟ್ಟಿ, ಅನುಭವ ಪತ್ರಗಳ ಸೆಟ್ ಮೊದಲೇ ಜೋಡಿಸಿಡಿ. ‘ಒಳಗೆ ಮಾತಾಡಿ ಕೊಡಿಸ್ತೀನಿ’ ಅಂತ ದುಡ್ಡು ಕೇಳುವವರಿಂದ ದೂರ ಇರಿ.

ಮರಾಠಿ ಬಂದರೆ ದೊಡ್ಡ ಅನುಕೂಲ. ಕೊಲ್ಹಾಪುರ, ಸಾಂಗ್ಲಿ, ಸೊಲ್ಲಾಪುರದ ಸರ್ವೇಕ್ಷಣಾ ಘಟಕಗಳ ಜೊತೆ ನೇರವಾಗಿ ಮಾತಾಡಬಲ್ಲವರು ಬೇಕು. ರೋಗ ಗಡಿಯ ಕೊಗನೊಳ್ಳಿ ಚೆಕ್‌ಪೋಸ್ಟಿನಲ್ಲಿ ನಿಲ್ಲುವುದಿಲ್ಲ.

ಹಂತ 4: ಕೈಕೆಲಸ ಕಲಿಯಿರಿ

ಲೈನ್ ಲಿಸ್ಟ್ ಅಂದರೆ ಒಬ್ಬ ರೋಗಿಗೆ ಒಂದು ಸಾಲು. ವಯಸ್ಸು, ಲಿಂಗ, ಮನೆ ಎಲ್ಲಿ, ಲಕ್ಷಣ ಶುರುವಾದ ದಿನ ಮತ್ತು ಹೊತ್ತು, ಕುಡಿದ ನೀರು ಯಾವುದು, ಊಟ ಎಲ್ಲಿ, ಸ್ಯಾಂಪಲ್ ತೆಗೆದರಾ. ಹೊಸಬರು ಆಸ್ಪತ್ರೆಗೆ ಬಂದ ದಿನ ಬರೆದು, ಲಕ್ಷಣ ಶುರುವಾದ ದಿನ ಬಿಡುತ್ತಾರೆ. ಆಗ ಗ್ರಾಫ್ ಹಾಕಿದರೂ ಏನೂ ಗೊತ್ತಾಗುವುದಿಲ್ಲ. ಎಕ್ಸೆಲ್ ಸಾಕು. ಆಮೇಲೆ ರೋಗದ ಅಂಕಿಅಂಶಕ್ಕೆ ಎಪಿ ಇನ್ಫೋ, ನಕ್ಷೆಗೆ ಕ್ಯೂಜಿಐಎಸ್ ಕಲಿಯಿರಿ. ಎರಡೂ ಉಚಿತ.

ಲೆಕ್ಕ ಹೀಗೆ ನಡೆಯುತ್ತದೆ. ಒಂದು ಹಳ್ಳಿಯಲ್ಲಿ ಎರಡು ಓಣಿ ಇವೆ ಅಂದುಕೊಳ್ಳಿ. ಮೇಲಿನ ಓಣಿಯ 400 ಜನರಲ್ಲಿ 8 ಮಂದಿಗೆ ವಾಂತಿಭೇದಿ. ಕೆಳಗಿನ ಓಣಿಯ 300 ಜನರಲ್ಲಿ 36 ಮಂದಿಗೆ. ಮೇಲೆ ನೂರಕ್ಕೆ 2, ಕೆಳಗೆ ನೂರಕ್ಕೆ 12. ಇದನ್ನು ಅಟ್ಯಾಕ್ ರೇಟ್ ಅನ್ನುತ್ತಾರೆ. ಇಷ್ಟಾದರೆ ಎಲ್ಲಿ ನೋಡಬೇಕು ಅಂತ ಗೊತ್ತಾಯಿತು. ಈಗ ಕೆಳಗಿನ ಓಣಿಗೆ ಹೋಗುವ ಪೈಪು ಚರಂಡಿ ದಾಟುವ ಜಾಗಕ್ಕೆ ಹೋಗಿ.

ಹೋಗುವಾಗ ಕ್ಲೋರೋಸ್ಕೋಪ್ ಜೇಬಿನಲ್ಲಿರಲಿ. ನೀರಿನಲ್ಲಿ ಉಳಿದ ಕ್ಲೋರಿನ್ ಅಳೆಯುವ ಸಣ್ಣ ಡಬ್ಬಿ ಅದು. ಹನಿ ಹಾಕಿದರೆ ನೀರು ಹಳದಿ ಆಗುತ್ತದೆ, ಬಣ್ಣ ಹೋಲಿಸಿ ನೋಡಬೇಕು. ಲೀಟರಿಗೆ 0.5 ಮಿಲಿಗ್ರಾಂ ಇರಬೇಕು. ಎಷ್ಟೋ ಜನ ಟ್ಯಾಂಕಿನ ಬುಡದ ನಲ್ಲಿಯಲ್ಲಿ ಅಳೆದು ‘ಸರಿ ಇದೆ’ ಅಂತ ಬರೆದು ಹೋಗುತ್ತಾರೆ. ಕೊನೆಯ ಮನೆಯ ನಲ್ಲಿಯಲ್ಲಿ ಅಳೆಯಿರಿ. ಟ್ಯಾಂಕಿನಲ್ಲಿ ಹಳದಿ ಬಂದು ಕೊನೆಯ ನಲ್ಲಿಯಲ್ಲಿ ಬಣ್ಣವೇ ಬರದಿದ್ದರೆ ನಡುವೆ ಎಲ್ಲೋ ಕೊಳೆ ಸೇರುತ್ತಿರಬಹುದು.

ಬ್ಲೀಚಿಂಗ್ ಪೌಡರಿನ ಲೆಕ್ಕವೂ ಬಾಯಿಪಾಠ ಇರಲಿ. ಒಳ್ಳೆಯ ಪುಡಿ ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ. ಅಂದರೆ 50,000 ಲೀಟರ್ ಟ್ಯಾಂಕಿಗೆ 125 ಗ್ರಾಂ. ನೀರು ರಾಡಿಯಾಗಿದ್ದರೆ ಇದು ಸಾಲುವುದಿಲ್ಲ, ಹೊರಾಕ್ಸ್ ಪರೀಕ್ಷೆ ಮಾಡಿ ನಿಜವಾದ ಪ್ರಮಾಣ ತಿಳಿಯಬೇಕು. ಪುಡಿಯನ್ನು ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನಷ್ಟೇ ಹಾಕಬೇಕು. ಒಂದು ಗಂಟೆ ಬಿಟ್ಟು ನೀರು ಬಿಡಬೇಕು. ಪಂಚಾಯ್ತಿಯಲ್ಲಿ ಚೀಲದ ಬಾಯಿ ತೆರೆದೇ ಇಟ್ಟ ಪುಡಿಯಲ್ಲಿ ಕ್ಲೋರಿನ್ ಹಾರಿ ಹೋಗಿರುತ್ತದೆ. ವಾಸನೆ ಮೂಗಿಗೆ ಹೊಡೆಯದಿದ್ದರೆ ಆ ಚೀಲವನ್ನು ಬದಿಗಿಟ್ಟು ಹೊಸದು ತರಿಸಿ. ಈ ಇಡೀ ಕೆಲಸ ಮಾಡುವುದು ವಾಟರ್‌ಮನ್. ಅವರ ಜೊತೆ ಸ್ನೇಹ ಇಟ್ಟುಕೊಳ್ಳಿ. ಪಿಡಿಒ ಹೇಳದ ಸಂಗತಿ ಅವರು ಹೇಳುತ್ತಾರೆ.

ಹಂತ 5: ಯಾರ ಮಾತು ನಡೆಯುತ್ತದೆ ಅಂತ ತಿಳಿಯಿರಿ

ತುರ್ತು ಹೊತ್ತಿನಲ್ಲಿ ಡಿಎಚ್‌ಒ, ತಹಶೀಲ್ದಾರ್, ಪೊಲೀಸ್, ಹೆಸ್ಕಾಂ, ನೀರಾವರಿ ಎಲ್ಲರೂ ಬರುತ್ತಾರೆ. ಎಲ್ಲರೂ ಆದೇಶ ಕೊಟ್ಟರೆ ಯಾವ ಕೆಲಸವೂ ಆಗುವುದಿಲ್ಲ. ಅದಕ್ಕೇ 2005ರ ವಿಪತ್ತು ನಿರ್ವಹಣಾ ಕಾಯ್ದೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲಾ ಪ್ರಾಧಿಕಾರ ಮಾಡಿದೆ. 2010ರಲ್ಲಿ ಎನ್‌ಡಿಎಂಎ (ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ) ಐಆರ್‌ಎಸ್ ಅನ್ನುವ ಮಾರ್ಗಸೂಚಿ ತಂದಿತು. ಕಾರ್ಯಾಚರಣೆ ಯಾರು, ಯೋಜನೆ ಯಾರು, ಸಾಮಾನು ಸರಂಜಾಮು ಯಾರು ಅಂತ ಹಂಚಿಕೊಡುವ ವ್ಯವಸ್ಥೆ ಇದು. ಓದಿ. ಜಿಲ್ಲಾ ವಿಪತ್ತು ನಿರ್ವಹಣಾ ಯೋಜನೆಯನ್ನೂ ತೆಗೆದು, ಅದರಲ್ಲಿರುವ ಹತ್ತು ಫೋನ್ ನಂಬರುಗಳಿಗೆ ಕರೆ ಮಾಡಿ. ಎಷ್ಟು ಹತ್ತುತ್ತವೆ ಅನ್ನೋದು ಯೋಜನೆಯ ಆರೋಗ್ಯ ಹೇಳುತ್ತದೆ.

ಸಾಂಕ್ರಾಮಿಕ ರೋಗಕ್ಕೆ ಕರ್ನಾಟಕದ 2020ರ ಕಾಯ್ದೆ, ದೇಶಗಳ ನಡುವಿನ ವ್ಯವಹಾರಕ್ಕೆ 2005ರ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳು. ಎರಡನ್ನೂ ಒಮ್ಮೆ ಓದಿದ್ದರೆ ಸಂದರ್ಶನಕ್ಕೆ ಸಾಕು. ನಿಮ್ಮ ಕೆಲಸ ಅಳೆಯಲು 7-1-7 ಅನ್ನುವ ಗುರಿ ಬಳಸಿ: ರೋಗ ಹುಟ್ಟಿದ 7 ದಿನದಲ್ಲಿ ಪತ್ತೆ, 1 ದಿನದಲ್ಲಿ ವರದಿ, ಮುಂದಿನ 7 ದಿನದಲ್ಲಿ ಮೊದಲ ಕ್ರಮಗಳು ಪೂರ್ತಿ. ಎಲ್ಲಿ ತಡವಾಯಿತು ಅಂತ ಮೇಲಿನವರ ಮುಂದೆ ಯಾರ ಹೆಸರೂ ಎತ್ತದೆ ತೋರಿಸಲು ಇದು ಒಳ್ಳೆಯ ಉಪಾಯ.

ಹಂತ 6: ಕಾರ್ಖಾನೆಯ ಗೇಟು ದಾಟಿ

ಇಲ್ಲಿ ಹುದ್ದೆಯ ಹೆಸರು ಬೇರೆ. ಇಎಚ್‌ಎಸ್ ಮ್ಯಾನೇಜರ್ (ಪರಿಸರ, ಆರೋಗ್ಯ, ಸುರಕ್ಷತೆ), ಸೇಫ್ಟಿ ಆಫೀಸರ್, ಫ್ಯಾಕ್ಟರಿ ಮೆಡಿಕಲ್ ಆಫೀಸರ್, ಬಿಸಿನೆಸ್ ಕಂಟಿನ್ಯುಟಿ. ಡಾಕ್ಟರುಗಳಿಗೆ ಕೈಗಾರಿಕಾ ಆರೋಗ್ಯದ ಎಎಫ್‌ಐಎಚ್ ಅನ್ನುವ ಮೂರು ತಿಂಗಳ ಕೋರ್ಸ್ ಇದೆ. ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆಗಳು ಇದನ್ನು ಕೇಳುತ್ತವೆ. ಎಂಜಿನಿಯರ್, ಬಿಎಸ್ಸಿ ಆದವರಿಗೆ ಕೈಗಾರಿಕಾ ಸುರಕ್ಷತೆಯ ಡಿಪ್ಲೊಮಾ ಬೇಕು.

ಹೆಚ್ಚಿನ ಪ್ರಮಾಣದಲ್ಲಿ ಅಪಾಯಕಾರಿ ರಾಸಾಯನಿಕ ಇಡುವ ಕಡೆ 1989ರ ನಿಯಮಗಳ ಪ್ರಕಾರ ಎರಡು ಯೋಜನೆ ಬೇಕು. ಕಾಂಪೌಂಡಿನೊಳಗಿನದನ್ನು, ಅಂದರೆ ಆನ್-ಸೈಟ್ ಯೋಜನೆಯನ್ನು, ಕಾರ್ಖಾನೆ ಮಾಡುತ್ತದೆ. ಹೊರಗಿನ ಊರುಗಳದ್ದನ್ನು, ಅಂದರೆ ಆಫ್-ಸೈಟ್ ಯೋಜನೆಯನ್ನು, ಜಿಲ್ಲಾಡಳಿತ ಮಾಡುತ್ತದೆ. ಒಳಗಿನ ಮಾಕ್ ಡ್ರಿಲ್ ಆರು ತಿಂಗಳಿಗೊಮ್ಮೆ ಆಗಬೇಕು. ಸಣ್ಣ ಕೋಲ್ಡ್ ಸ್ಟೋರೇಜು ಈ ಮಿತಿಗಿಂತ ಕೆಳಗಿರಬಹುದು. ಆದರೆ ಅಮೋನಿಯಾ ನಿಯಮದ ಮಿತಿ ನೋಡಿಕೊಂಡು ಸೋರುವುದಿಲ್ಲ. ಡ್ರಿಲ್ ನೋಡಲು ಹೋದರೆ ಇಷ್ಟು ಗಮನಿಸಿ: ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ತೋರಿಸುವ ಬಟ್ಟೆಚೀಲ ಹರಿದಿದೆಯಾ? ಜನರನ್ನು ಸೇರಿಸುವ ಜಾಗ ಗಾಳಿ ಹೋಗುವ ಕಡೆಯೇ ಇದೆಯಾ? ಕಣ್ಣು ತೊಳೆಯುವ ನಲ್ಲಿಯಲ್ಲಿ ನೀರು ಬರುತ್ತದಾ? ರಾತ್ರಿ ಪಾಳಿಯವರಿಗೆ ಯಾವತ್ತಾದರೂ ಡ್ರಿಲ್ ಆಗಿದೆಯಾ? ಹಗಲು ಹನ್ನೊಂದಕ್ಕೆ, ಫೋಟೋ ತೆಗೆಯುವವರು ಬಂದ ಮೇಲೆ ಮಾಡುವ ಡ್ರಿಲ್‌ನಿಂದ ಉಪಯೋಗ ಕಡಿಮೆ.

ಬಿಸಿನೆಸ್ ಕಂಟಿನ್ಯುಟಿ ಅಂದರೆ ಆಪತ್ತಿನಲ್ಲೂ ಮುಖ್ಯ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು. ಇದರ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 22301. ಮಾಲೀಕರಿಗೆ ‘ಪ್ಯಾಂಡೆಮಿಕ್ ಪ್ಲಾನ್ ಬೇಕು’ ಅಂದರೆ ಆಮೇಲೆ ನೋಡೋಣ ಅನ್ನುತ್ತಾರೆ. ಹೀಗೆ ಕೇಳಿ: ‘ಹಂಗಾಮಿನ ನಡುವೆ ಮೂರರಲ್ಲಿ ಒಬ್ಬರು ಜ್ವರ ಬಂದು ಮಲಗಿದರೆ ಬಾಯ್ಲರ್ ಯಾರು ನಡೆಸುತ್ತಾರೆ?’ ಬಾಯ್ಲರ್ ನಡೆಸಲು ಪ್ರಮಾಣಪತ್ರ ಇದ್ದವರೇ ಬೇಕು. ಕಡಿದ ಕಬ್ಬು ಗಾಡಿಯಲ್ಲಿ ಒಣಗಿದರೆ ಇಳುವರಿ ಬೀಳುತ್ತದೆ. ಆಗ ಅವರಿಗೆ ಲೆಕ್ಕ ಅರ್ಥವಾಗುತ್ತದೆ. ಬಾಯ್ಲರ್, ಟರ್ಬೈನ್, ತೂಕದ ಕಾಟಾ, ತ್ಯಾಜ್ಯ ನೀರಿನ ಘಟಕ ಹೀಗೆ ನಿಲ್ಲಿಸಲಾಗದ ಕೆಲಸಗಳ ಪಟ್ಟಿ ಮಾಡಿ. ಪ್ರತಿಯೊಂದಕ್ಕೂ ಇಬ್ಬರು ಬದಲಿ ಜನರ ಹೆಸರು ಬರೆಸಿ. ಗ್ಯಾಂಗಿನ ಮಕ್ಕಳ ಲಸಿಕೆ ಶಿಬಿರವನ್ನೂ ಇದೇ ಯೋಜನೆಯಲ್ಲಿ ಸೇರಿಸಿ, ದಿನಾಂಕವನ್ನು ಪಿಎಚ್‌ಸಿ ಜೊತೆ ಕೂತು ಹಾಕಿ.

ಸರ್ಕಾರದಲ್ಲಿದ್ದು ಬಂದವರು ಇಲ್ಲಿ ಎಡವುವುದು ಒಂದೇ ಕಡೆ: ಕಾರ್ಖಾನೆಯವರಿಗೆ ಸುತ್ತೋಲೆ ಭಾಷೆಯಲ್ಲಿ ಬರೆಯುತ್ತಾರೆ. ಒಂದು ಪುಟ, ಖರ್ಚು ಎಷ್ಟು, ಮಾಡದಿದ್ದರೆ ನಷ್ಟ ಎಷ್ಟು. ಅಷ್ಟೇ ಸಾಕು.

ಹಂತ 7: ಮುಂದಿನ ಮೆಟ್ಟಿಲು

ವೈದ್ಯರಾದರೆ ಎನ್‌ಸಿಡಿಸಿ (ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ) 2012ರಲ್ಲಿ ಶುರು ಮಾಡಿದ ಇಂಡಿಯಾ ಇಐಎಸ್ ಅನ್ನುವ ರೋಗ ಪತ್ತೆಯ ತರಬೇತಿಗೆ ಪ್ರಯತ್ನಿಸಿ. ಎರಡು ವರ್ಷ, ರೋಗ ಹಬ್ಬಿದ ಕಡೆಯೇ ಪಾಠ. ಇತರರಿಗೆ ರಾಜ್ಯ ಸರ್ವೇಕ್ಷಣಾ ಘಟಕ, ವಿಶ್ವ ಆರೋಗ್ಯ ಸಂಸ್ಥೆಯ ಯೋಜನೆಗಳು, ದೊಡ್ಡ ಕಂಪನಿಗಳ ಇಎಚ್‌ಎಸ್ ವಿಭಾಗಗಳಿವೆ. ಕೇಂದ್ರದ ಪಿಎಂ-ಅಭಿಮ್ ಅನ್ನುವ ಆರೋಗ್ಯ ಮೂಲಸೌಕರ್ಯ ಯೋಜನೆಯಲ್ಲಿ 15 ಆರೋಗ್ಯ ತುರ್ತು ಕಾರ್ಯಾಚರಣೆ ಕೇಂದ್ರಗಳನ್ನು ಸೇರಿಸಿದ್ದಾರೆ. ಅಂಥ ಕೇಂದ್ರಗಳ ಅಧಿಸೂಚನೆಗಳ ಮೇಲೂ ಕಣ್ಣಿಡಿ.

ಈ ಮಟ್ಟದಲ್ಲಿ ಡಿಗ್ರಿಗಿಂತ ನೀವು ಮಾಡಿದ ಕೆಲಸದ ಕಡತ ಮಾತಾಡುತ್ತದೆ. ಏನೂ ಆಗದಂತೆ ತಡೆದವರ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ ಅಲ್ವಾ? ಅದಕ್ಕೇ ಮೊದಲ ದಿನದಿಂದ ಕಡತ ಇಡಿ. ನೀವು ಬರೆದ ಒಂದು ಔಟ್‌ಬ್ರೇಕ್ ವರದಿ, ಒಂದು ಜಾತ್ರೆಯ ಆರೋಗ್ಯ ಯೋಜನೆ, ಒಂದು ಕಾಳಜಿ ಕೇಂದ್ರದ ದಾಸ್ತಾನು ಪಟ್ಟಿ, ಡ್ರಿಲ್ ಆದ ಮೇಲೆ ತಿದ್ದಿದ ಐದಾರು ಅಂಶ ಇದ್ದರೆ ಸಾಕು. ಹೊರಗೆ ತೋರಿಸುವ ಮೊದಲು ಕಚೇರಿಯ ಅನುಮತಿ ಪಡೆಯಿರಿ. ರೋಗಿಗಳ ಹೆಸರು, ಫೋನ್, ಮನೆ ನಂಬರು ಅಳಿಸಿ. ಹಳ್ಳಿ ಚಿಕ್ಕದಾದರೆ ವಯಸ್ಸು ಮತ್ತು ಓಣಿ ಹೇಳಿದರೂ ಯಾರು ಅಂತ ಗೊತ್ತಾಗುತ್ತದೆ, ಆದ್ದರಿಂದ ಊರಿನ ಹೆಸರನ್ನೂ ತೆಗೆಯಿರಿ.